ಹನ್ನೆರಡು ಪಾಯಿಂಟ್ ಆರು

ಕಾರು ಕೊಳ್ಳುವಾಗ ನಮ್ಮ ಆಫೀಸಿನ ಜನ ಎಷ್ಟೆಲ್ಲ ಕೇಳ್ತಾರೆ! ಮೈಲೇಜ್ ಎಷ್ಟು, ಏರ್‌ಬ್ಯಾಗ್ ಎಷ್ಟು, ಸನ್‌ರೂಫ್ ಇದೆಯಾ, ವೈರಿಲ್ಲದೆ ಫೋನ್ ಕನೆಕ್ಟ್ ಆಗ್ತದಾ. ಊಟದ ಟೇಬಲ್ ಮೇಲೆ ಎಕ್ಸೆಲ್ ಶೀಟ್ ತೆರೆದಿಟ್ಟು ಮೂರು ವಾರ ಚರ್ಚೆ ಮಾಡಿದವರನ್ನೂ ನೋಡಿದ್ದೇನೆ. ಆದರೆ "ಒಳಗೆ ಬ್ಯಾಟರಿ ಯಾವುದು ಹಾಕಿದ್ದಾರೆ?" ಅಂತ ಕೇಳಿದ ಒಬ್ಬರನ್ನೂ ಇವತ್ತಿನವರೆಗೆ ಕಂಡಿಲ್ಲ. ಬಾನೆಟ್ಟಿನ ಮೂಲೆಯಲ್ಲಿ ಕೂತ ಆ ಕಪ್ಪು ಡಬ್ಬಿ ನಮಗೆ ನೆನಪಾಗೋದು ಕೀಲಿ ತಿರುವಿದಾಗ ಬರೀ 'ಟಕ್ ಟಕ್' ಅಂದು ಗಾಡಿ ಸುಮ್ಮನಾದ ದಿನ ಮಾತ್ರ.

ಬೆಂಗಳೂರಿನಲ್ಲಿ ಇದೊಂದು ಕಿರಿಕಿರಿ, ಅಷ್ಟೇ. ಫೋನ್ ಮಾಡಿದರೆ ಯಾರೋ ಬ್ಯಾಟರಿ ಹೊತ್ತುಕೊಂಡು ಮನೆ ಬಾಗಿಲಿಗೇ ಬರ್ತಾರೆ, ಅಲ್ಲೀತನಕ ಕ್ಯಾಬ್ ಇದೆ, ಮೆಟ್ರೋ ಇದೆ, ಮ್ಯಾನೇಜರಿಗೆ ಒಂದು ಮೆಸೇಜ್ ಹಾಕಿದರೆ ಮುಗೀತು. ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಲ್ಲಿ, ರಾತ್ರಿ ಎರಡು ಗಂಟೆಗೆ, ಅದೇ 'ಟಕ್ ಟಕ್' ಸದ್ದಿನ ಅರ್ಥವೇ ಬೇರೆ.

ಅಂಕಲಿ ನಮ್ಮೂರು. ಕೃಷ್ಣಾ ನದಿಯ ದಂಡೆ, ಸುತ್ತಲೂ ಕಬ್ಬು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ. ಜ್ವರ ನೆಗಡಿಗೆ ಊರಲ್ಲೇ ಡಾಕ್ಟರ್ ಇದ್ದಾರೆ, ಅದಕ್ಕೂ ಮೀರಿದ್ದಕ್ಕೆ ಚಿಕ್ಕೋಡಿ ಇದೆ, ಬೆಳಗಾವಿ ಇದೆ. ಆದರೆ ನಮ್ಮ ಕಡೆಯ ಜನಕ್ಕೆ 'ದೊಡ್ಡ ದವಾಖಾನೆ' ಅಂದರೆ ಮೊದಲು ಬಾಯಿಗೆ ಬರೋದು ಗಡಿಯಾಚೆಯ ಮಿರಜ. ಅಜ್ಜನ ಕಣ್ಣಿನ ಆಪರೇಶನ್ ಆಗಿದ್ದು ಅಲ್ಲಿ, ನಾನು ಹುಟ್ಟಿದ್ದು ಅಲ್ಲಿ. ಹೀಗಾಗಿ ನಮ್ಮ ಮನೆಯ ಮುಂದೆ ನಿಂತ ಆ ಸಣ್ಣ ಪೆಟ್ರೋಲ್ ಕಾರನ್ನು ಅಪ್ಪ ಕೊಂಡಿದ್ದು ತಿರುಗಾಡೋಕಲ್ಲ. ಅವ್ವನಿಗೆ ದಮ್ಮಿನ ರೋಗ. ಕಾರಂದರೆ ಅಪ್ಪನ ಲೆಕ್ಕದಲ್ಲಿ ಮಿರಜಿಗೆ ಹೋಗುವ ದಾರಿ.

ಡಿಸೆಂಬರ್ ತಿಂಗಳು, ಕಬ್ಬಿನ ಹಂಗಾಮು. ಅಪ್ಪ ಐದು ದಿನದಿಂದ ಹೊಲದಲ್ಲೇ ಇದ್ದರು, ಕಾರು ತೆಗೆದಿರಲಿಲ್ಲ. ಆ ರಾತ್ರಿ ಅವ್ವನಿಗೆ ಉಸಿರು ಕಟ್ಟಿತು. ಪಂಪ್ ಎಳೆದುಕೊಂಡರೂ ಇಳಿಯಲಿಲ್ಲ. ಅಪ್ಪ ಕಾರಿನ ಕೀಲಿ ತಿರುವಿದರು. ಟಕ್. ಇನ್ನೊಮ್ಮೆ ತಿರುವಿದರು. ಟಕ್ ಟಕ್. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಿನುಗಿ ಆರಿದವು. ಆ್ಯಂಬುಲೆನ್ಸಿಗೂ ಫೋನ್ ಹಚ್ಚಿದರು, ಆದರೆ ಅದು ಬರುವತನಕ ಕೈಕಟ್ಟಿ ಕೂರುವ ಧೈರ್ಯ ಯಾರಿಗಿರ್ತದೆ?

ಧಕ್ಕಾ ಸ್ಟಾರ್ಟ್ ಮಾಡೋಣ ಅಂದರೆ ಅದು ಆಟೋಮ್ಯಾಟಿಕ್ ಗೇರಿನ ಗಾಡಿ, ನೂಕಿದರೆ ಚಾಲೂ ಆಗೋದಿಲ್ಲ. ಮೊಣಕಾಲು ನೋವು, ಕ್ಲಚ್ ತುಳಿಯೋಕೆ ಆಗಲ್ಲ ಅಂತ ಅಪ್ಪ ಆಟೋಮ್ಯಾಟಿಕ್ ತಗೊಂಡಿದ್ದರು. ಓಣಿಯ ತುದಿಯಲ್ಲಿ ಕಬ್ಬು ತುಂಬಿದ ಲಾರಿಯೊಂದು ನಿಂತಿತ್ತು. ಎದ್ದು ಬಂದ ಡ್ರೈವರ್ ಒಳ್ಳೆಯ ಮನುಷ್ಯ, "ನನ್ನ ಬ್ಯಾಟರಿಯಿಂದ ವಾಯರ್ ಕೊಡ್ತೇನ್ರಿ" ಅಂತ ಕೇಬಲ್ಲನ್ನೂ ತಂದ. ಅಷ್ಟರಲ್ಲಿ ಗದ್ದಲ ಕೇಳಿ ಎದ್ದು ಬಂದವರು ಟ್ರ್ಯಾಕ್ಟರ್ ವಾಯರಿಂಗ್ ಮಾಡುವ ನಮ್ಮ ಓಣಿಯ ಮಿಸ್ತ್ರಿ ಮಾಮಾ. ಲುಂಗಿ ಸುತ್ತಿಕೊಳ್ಳುತ್ತಲೇ ಕೂಗಿದರಂತೆ: "ಏ ಬ್ಯಾಡೋ ಬ್ಯಾಡ! ಲಾರಿದು ಇಪ್ಪತ್ನಾಕ ವೋಲ್ಟ್ ಐತಿ. ಕಾರಿಂದು ಹನ್ನೆರಡು. ಕಂಪ್ಯೂಟರ್ ಸುಟ್ಟು ಬೂದಿ ಆಕ್ಕೈತಿ!"

ಪಕ್ಕದ ಮನೆಯವರ ಟ್ರ್ಯಾಕ್ಟರಿಂದು 12 ವೋಲ್ಟು. ಅದನ್ನು ಕಾರಿನ ಮೂತಿಯ ಹತ್ತಿರ ತಂದು ನಿಲ್ಲಿಸಿದರು. ಕೆಂಪು ಕೇಬಲ್ಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಟ್ರ್ಯಾಕ್ಟರಿನ ಪ್ಲಸ್ಸಿಗೆ. ಕಪ್ಪು ಕೇಬಲ್ಲಿನ ಒಂದು ತುದಿ ಟ್ರ್ಯಾಕ್ಟರಿನ ಮೈನಸ್ಸಿಗೆ, ಕೊನೆಯ ತುದಿ ಮಾತ್ರ ಕಾರಿನ ಬ್ಯಾಟರಿಗಲ್ಲ, ಅದರಿಂದ ದೂರ ಇಂಜಿನ್ನಿನ ಬರಿ ಕಬ್ಬಿಣಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರ್ತದೆ, ಬ್ಯಾಟರಿಯ ಬಾಯಿಂದ ಹೈಡ್ರೋಜನ್ ಗ್ಯಾಸ್ ಬರ್ತಿರ್ತದೆ, ಎರಡೂ ಒಂದೇ ಕಡೆ ಇರಬಾರದು. ಐದು ನಿಮಿಷ ಕಾದು ಕೀಲಿ ತಿರುವಿದಾಗ ಕಾರು ಚಾಲೂ ಆಯಿತು. ಅಪ್ಪ ದಾರಿಯಲ್ಲೆಲ್ಲೂ ಇಂಜಿನ್ ಆರಿಸದೆ ಮಿರಜ ಮುಟ್ಟಿದರು. ಅವ್ವನಿಗೆ ಆಕ್ಸಿಜನ್ ಕೊಟ್ಟರು, ನೆಬ್ಯುಲೈಸರ್ ಹಚ್ಚಿದರು, ನಾಲ್ಕನೇ ದಿನ ಮನೆಗೆ ಕಳಿಸಿದರು.

ಇದೆಲ್ಲ ನನಗೆ ಗೊತ್ತಾಗಿದ್ದು ಬೆಳಗಿನ ಐದು ಗಂಟೆಯ ಫೋನಿನಲ್ಲಿ. ಆವತ್ತೇ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ಮರುದಿನ ರಾಯಬಾಗದಲ್ಲಿ ಇಳಿದು, ಮಿರಜಿಗೆ ಹೋಗಿ ಅವ್ವನನ್ನು ಕಂಡು, ಅವಳು ಹಾಸಿಗೆಯಲ್ಲಿ ಕೂತು ಚಹಾ ಕುಡಿಯೋದನ್ನು ನೋಡಿದ ಮೇಲೆ ನನಗೆ ಉಳಿದಿದ್ದು ಒಂದೇ ಪ್ರಶ್ನೆ. ಆ ಬ್ಯಾಟರಿ ಹಾಕಿಸಿ ಬರೀ ಹದಿನಾಲ್ಕು ತಿಂಗಳಾಗಿತ್ತು. ಸತ್ತಿದ್ದು ಯಾಕೆ?

ಊರಿನವರ ಹತ್ತಿರ ಉತ್ತರ ರೆಡಿ ಇತ್ತು. "ಕಂಪನಿ ಮಾಲ ಈಗ ಸರಿ ಬರವಲ್ದು." "ಆ ಬ್ರ್ಯಾಂಡ್ ಬ್ಯಾಡ ಅಂತ ನಾ ಆಗಳೇ ಹೇಳಿದ್ನಿ." ಮಿಸ್ತ್ರಿ ಮಾಮಾ ಮಾತ್ರ ಏನೂ ಹೇಳಲಿಲ್ಲ. ಮನೆಯಿಂದ ಮಲ್ಟಿಮೀಟರ್ ತಂದರು. "ಮೊದ್ಲ ಅಳೀಬೇಕ ತಂಗಿ, ಆಮ್ಯಾಲ ಬೈಬೇಕ" ಅಂದರು.

ಆ ಎರಡು ದಿನ ನಾನು ಅವರ ಪಕ್ಕ ಟಾರ್ಚ್ ಹಿಡಿದು ನಿಂತು ಕಲಿತದ್ದು, ಆಮೇಲೆ ಓದಿ ಖಾತ್ರಿ ಮಾಡಿಕೊಂಡದ್ದು ಇಲ್ಲಿದೆ. ಊರಲ್ಲಿ ಅಪ್ಪ ಅವ್ವ, ಅವರ ಮನೆಯ ಮುಂದೆ ವಾರಕ್ಕೆರಡು ಸಲ ಓಡುವ ಒಂದು ಕಾರು, ಮಕ್ಕಳು ಮಾತ್ರ ಇಲ್ಲಿ. ಓದುವ ನಿಮ್ಮಲ್ಲಿ ಅರ್ಧ ಜನರ ಮನೆಯ ಕತೆ ಇದೇ ಇರಬೇಕು.

ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿಯನ್ನು ಮೊದಲು ಮಾಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, 1859ರಲ್ಲಿ. ಆಗ ಕಾರೇ ಇರಲಿಲ್ಲ. ಕಾರು ಬಂದ ಮೇಲೂ ಬಹಳ ಕಾಲ ಮುಂದೆ ಹ್ಯಾಂಡಲ್ ಹಾಕಿ ತಿರುವಿಯೇ ಇಂಜಿನ್ ಎಬ್ಬಿಸಬೇಕಿತ್ತು, ಅದು ತಿರುಗಿ ಹೊಡೆದರೆ ಕೈ ಮುರೀತಿತ್ತು. ಚಾರ್ಲ್ಸ್ ಕೆಟರಿಂಗ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ನಮ್ಮ ಕಡೆ ಈಗಲೂ 'ಸೆಲ್ಫ್ ಹೊಡಿ' ಅಂತೀವಲ್ಲ, ಆ ಸೆಲ್ಫ್ ಇದೇ.

ಒಂದು ಬ್ಯಾಟರಿಯೊಳಗೆ ಆರು ಮನೆ. ಒಂದೊಂದು ಮನೆ ತುಂಬಿದಾಗ 2.1 ವೋಲ್ಟ್ ಕೊಡ್ತದೆ. ಆರು ಸೇರಿದರೆ 12.6. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಉಳಿದಿದ್ದೆಲ್ಲ ಇದರ ಸುತ್ತಲೇ ತಿರುಗ್ತದೆ. ಗಾಡಿ ಆರಿಸಿ ಕೆಲವು ತಾಸು ಬಿಟ್ಟು, ಬೆಳಗ್ಗೆ ಎದ್ದ ಕೂಡಲೇ ಆದರೆ ಇನ್ನೂ ಒಳ್ಳೆಯದು, ಮೀಟರಿನ ಎರಡು ಕಡ್ಡಿಗಳನ್ನು ಎರಡು ಟರ್ಮಿನಲ್ಲಿಗೆ ಮುಟ್ಟಿಸಿ. 12.6 ಅಥವಾ ಮೇಲಿದ್ದರೆ ಹೊಟ್ಟೆ ತುಂಬಿದೆ. 12.4 ಇದ್ದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಇಳಿದರೆ ಕಾಲು ಭಾಗ ಮಾತ್ರ. 12 ವೋಲ್ಟಿನ ಬ್ಯಾಟರಿ 12 ತೋರಿಸ್ತಿದೆಯಲ್ಲ, ಸರಿ ಇದೆ ಅಂತ ಬಹಳ ಜನ ಇಲ್ಲೇ ಮೋಸ ಹೋಗ್ತಾರೆ.

ಇನ್ನೆರಡು ಅಳತೆ ಇವೆ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಮುಳ್ಳು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ಶಕ್ತಿ ಇಲ್ಲ. ಇಂಜಿನ್ ಓಡುವಾಗ 13.8ರಿಂದ 14.5ರ ಸುತ್ತ ಇರಬೇಕು. ಹಾಗಿಲ್ಲದೆ 12.5ರಲ್ಲೇ ನಿಂತಿದ್ದರೆ ಬ್ಯಾಟರಿಯನ್ನು ಬೈಬೇಡಿ, ಅದಕ್ಕೆ ಊಟ ಬಡಿಸುವ ಆಲ್ಟರ್ನೇಟರ್ ಕೆಟ್ಟಿರಬಹುದು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಹೆಚ್ಚು ಕಡಿಮೆ ಮಾಡ್ತದೆ, ಅಲ್ಲಿ ಒಂದೇ ಅಳತೆಗೆ ತೀರ್ಪು ಕೊಡಬಾರದು.

ನಮ್ಮ ಕಾರಿನ ಆಲ್ಟರ್ನೇಟರ್ ಸರಿ ಇತ್ತು. 14.2. ಅಂದಮೇಲೆ ಕಳ್ಳ ಯಾರು?

ಇಲ್ಲೊಂದು ಸಣ್ಣ ಲೆಕ್ಕ ಹೇಳಬೇಕು. ಸೆಲ್ಫ್ ಹೊಡೆದರೆ ಬ್ಯಾಟರಿ ಬಹಳ ಖರ್ಚಾಗ್ತದೆ ಅಂತ ಎಲ್ಲರೂ ತಿಳಿದಿದ್ದೇವೆ. ಸ್ಟಾರ್ಟರ್ 150 ಆಂಪಿಯರ್ ಎಳೆಯಿತು ಅಂತಿಟ್ಟುಕೊಳ್ಳಿ, ಎರಡು ಸೆಕೆಂಡ್. ಲೆಕ್ಕ ಹಾಕಿದರೆ ಅದು ಒಂದು ಆಂಪಿಯರ್-ಅವರಿನ ಹನ್ನೆರಡನೇ ಒಂದು ಭಾಗ. ನಮ್ಮ ಬ್ಯಾಟರಿ 35 ಆಂಪಿಯರ್-ಅವರಿಂದು. ಅದಕ್ಕಿದು ಏನೂ ಅಲ್ಲ. ಈಗ ಇನ್ನೊಂದು ಕಡೆ ನೋಡಿ. ಕಾರು ಲಾಕ್ ಆಗಿ ನಿಂತಾಗಲೂ ಗಡಿಯಾರ, ಅಲಾರಂ, ಕೀಲಿಯ ಸದ್ದಿಗೆ ಕಿವಿಗೊಟ್ಟ ಕಂಪ್ಯೂಟರ್ ಇವೆಲ್ಲ ಒಂದಿಷ್ಟು ಕುಡೀತಿರ್ತವೆ. 20ರಿಂದ 50 ಮಿಲಿಆಂಪಿಯರ್ ತನಕ ಇದ್ದರೆ ಸಹಜ. 30 ಅಂತಿಟ್ಟರೂ ದಿನಕ್ಕೆ 0.72 ಆಂಪಿಯರ್-ಅವರ್. ಅಂದರೆ ಸುಮ್ಮನೆ ನಿಂತ ಒಂದು ದಿನಕ್ಕೆ ಎಂಟೊಂಬತ್ತು ಸಲ ಸೆಲ್ಫ್ ಹೊಡೆದಷ್ಟು ಖರ್ಚು! ನಿಂತ ಗಾಡಿ ದುಡಿಯಲ್ಲ, ಆದರೆ ಉಣ್ಣೋದನ್ನು ಬಿಡಲ್ಲ.

ಮಿಸ್ತ್ರಿ ಮಾಮಾ ಚಾರ್ಜ್ ಮಾಡಿದ ಬ್ಯಾಟರಿ ಕೂಡಿಸಿ, ಬಾಗಿಲೆಲ್ಲ ಮುಚ್ಚಿ, ಗಾಡಿಯ ಕಂಪ್ಯೂಟರ್‌ಗಳು ನಿದ್ದೆಗೆ ಜಾರಲಿ ಅಂತ ಮುಕ್ಕಾಲು ತಾಸು ಕಾಯಿಸಿದರು. ಆಮೇಲೆ ಮೈನಸ್ ಕೇಬಲ್ ಮತ್ತು ಬ್ಯಾಟರಿಯ ನಡುವೆ ಮೀಟರನ್ನು ಹತ್ತು ಆಂಪಿಯರಿನ ತೂತಿಗೆ ಹಾಕಿ ಸೇರಿಸಿದರು. (ಹೀಗೆ ಸೇರಿಸಿದಾಗ ಕೀಲಿ ಮುಟ್ಟಲೇಬಾರದು, ಮೀಟರಿನ ಫ್ಯೂಸ್ ಹಾರ್ತದೆ. ಗೊತ್ತಿರುವವರ ಕೈಲೇ ಮಾಡಿಸಿ.) ಮೀಟರ್ ತೋರಿಸಿದ್ದು 0.30. ಅಂದರೆ 300 ಮಿಲಿಆಂಪಿಯರ್. ಸಹಜಕ್ಕಿಂತ ಹತ್ತು ಪಟ್ಟು.

ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ಹಾಕುವ ಕೆಲಸ. ಮ್ಯೂಸಿಕ್ ಸಿಸ್ಟಮ್ಮಿನ ಫ್ಯೂಸ್ ಕಿತ್ತಾಗ ಅಂಕಿ ಸರ್ರನೆ 0.02ಕ್ಕೆ ಇಳಿಯಿತು. ಮಾಮಾ ನಕ್ಕರು. "ಸಿಕ್ಕ ಮಗಾ."

ದೀಪಾವಳಿಗೆ ಅಪ್ಪ ಪೇಟೆಯ ಅಂಗಡಿಯೊಂದರಲ್ಲಿ ದೊಡ್ಡ ಪರದೆಯ ಹೊಸ ಸ್ಟೀರಿಯೋ ಹಾಕಿಸಿದ್ದರು, ಭಜನಿ ಅಭಂಗ ಕೇಳೋಕೆ. ಅಂಥ ಸ್ಟೀರಿಯೋಗೆ ಎರಡು ಕರೆಂಟಿನ ವೈರು. ಹಳದಿಯದಕ್ಕೆ ಯಾವಾಗಲೂ ಕರೆಂಟ್ ಇರ್ತದೆ, ಸೆಟ್ಟಿಂಗ್ ನೆನಪಿಡೋಕೆ. ಕೆಂಪಿನದಕ್ಕೆ ಕೀಲಿ ತಿರುವಿದಾಗ ಮಾತ್ರ. ಅಂಗಡಿಯವನು ಸರಿಯಾದ ವೈರು ಹುಡುಕುವ ಬೇಸರಕ್ಕೆ ಎರಡನ್ನೂ ಸೇರಿಸಿ ಟೇಪ್ ಸುತ್ತಿದ್ದ. ಪರದೆ ಆರಿದರೂ ಒಳಗೆ ಸ್ಟೀರಿಯೋ ಎಚ್ಚರಾಗೇ ಇರ್ತಿತ್ತು. ದಿನಕ್ಕೆ 7.2 ಆಂಪಿಯರ್-ಅವರ್. ಐದು ದಿನಕ್ಕೆ 36. ಬ್ಯಾಟರಿಯಲ್ಲಿದ್ದದ್ದೇ 35. ಆ ರಾತ್ರಿಯ ಲೆಕ್ಕ ನನ್ನ ಕಣ್ಣೆದುರೇ ತಾಳೆಯಾಯಿತು. ಅವ್ವನ ಉಸಿರು ಹತ್ತು ಪೈಸೆಯ ಟೇಪಿನ ಮೇಲೆ ನಿಂತಿತ್ತು.

ಮಾಮಾ ಎರಡು ವೈರು ಬಿಡಿಸಿ, ಕೆಂಪನ್ನು ಅದರ ಜಾಗಕ್ಕೆ ಸೇರಿಸಿದರು. ಹತ್ತು ನಿಮಿಷದ ಕೆಲಸ.

ಹಾಗಾದರೆ ಹಳೇ ಬ್ಯಾಟರಿಯನ್ನೇ ಚಾರ್ಜ್ ಮಾಡಿ ಇಟ್ಟುಕೊಳ್ಳಬಹುದಿತ್ತಲ್ಲ? ನಾನೂ ಹಾಗೇ ಅಂದುಕೊಂಡೆ. ಬ್ಯಾಟರಿ ಖಾಲಿಯಾಗುವಾಗ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರ್ತದೆ. ಕೂಡಲೇ ಚಾರ್ಜ್ ಮಾಡಿದರೆ ಕರಗಿ ಹೋಗ್ತದೆ. ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗ್ತದೆ, ಆಮೇಲೆ ಯಾವ ಚಾರ್ಜಿಗೂ ಬಗ್ಗಲ್ಲ. ಗಾಣದ ಮನೆಯಿಂದ ತಂದ ಜೋನಿ ಬೆಲ್ಲದ ಹಾಗೆ. ಹೊಸದರಲ್ಲಿ ಬೆರಳಾಡಿಸಿದರೆ ಸಾಕು, ತಿಂಗಳುಗಟ್ಟಲೆ ಕೊಡದಲ್ಲಿ ಬಿಟ್ಟರೆ ತಳದಲ್ಲಿ ಕಲ್ಲಿನಂಥ ಹರಳು. ದೀಪಾವಳಿಯಿಂದ ಡಿಸೆಂಬರ್ ತನಕ ಆ ಬ್ಯಾಟರಿ ಅರೆಹೊಟ್ಟೆಯಲ್ಲೇ ಇತ್ತು. ರಾತ್ರಿಯಿಡೀ ಚಾರ್ಜಿಗೆ ಇಟ್ಟರೂ ಮರುದಿನ ಬೆಳಗ್ಗೆ 12.2 ದಾಟಲಿಲ್ಲ. ವಾರಂಟಿ ಇತ್ತು ನಿಜ, ಆದರೆ ವಾರಂಟಿ ತಯಾರಿಕೆಯ ದೋಷಕ್ಕೆ, ಗಾಡಿಯ ವೈರಿಂಗಿನ ದೋಷಕ್ಕಲ್ಲ. ಅಂಗಡಿಯವರು ಹಾಗಂದಾಗ ಜಗಳ ಆಡೋಕೆ ನನ್ನ ಹತ್ತಿರ ಮಾತಿರಲಿಲ್ಲ.

ಹೊಸದು ತರಲು ಅಪ್ಪನ ಬದಲು ನಾನೇ ಹೋದೆ. ಅಂಗಡಿಯವರು ನನ್ನ ಹಿಂದೆ ಮುಂದೆ ನೋಡಿ, "ಅಕ್ಕಾರ, ಅಪ್ಪಾರಿಗಿ ಫೋನ್ ಹಚ್ಚಿ ಕೊಡ್ರಿ, ಅವರ ಕೂಡ ಮಾತಾಡ್ತೇನಿ" ಅಂದರು. "ಅಪ್ಪಾರು ಹೊಲದಾಗ ಅದಾರ. ನಿಮ್ಮ ಹಂತ್ಯಾಕ 38ಬಿ20ಎಲ್ ಐತೇನ್ರಿ? ಯಾವ ತಿಂಗಳದ್ದು?" ಅಂದೆ. ಅವರು ಕುರ್ಚಿ ಎಳೆದು ಕೊಟ್ಟರು, ಚಹಾ ಹೇಳಿದರು. ಆ ಮೇಲಿನ ವ್ಯವಹಾರ ಚಂದವಾಗೇ ನಡೆಯಿತು.

ಆ ನಂಬರು ಮಂತ್ರವೇನಲ್ಲ. ಜಪಾನಿ ಪದ್ಧತಿಯ ಹೆಸರು. ಮೊದಲ 38 ಶಕ್ತಿಯ ದರ್ಜೆ. ಬಿ ಅಂದರೆ ಅಗಲ ಎತ್ತರದ ಗುಂಪು. 20 ಅಂದರೆ ಉದ್ದ, ಸೆಂಟಿಮೀಟರಿನಲ್ಲಿ. ಕೊನೆಯ ಎಲ್ ಅಥವಾ ಆರ್, ಟರ್ಮಿನಲ್ ಯಾವ ಬದಿಗೆ ಅನ್ನೋದು. ಎಲ್ ಬದಲು ಆರ್ ತಂದರೆ ಗಾಡಿಯ ಕೇಬಲ್ ಮುಟ್ಟೋದಿಲ್ಲ, ಎಳೆದು ಮುಟ್ಟಿಸಿದರೆ ಅಪಾಯ. ಯುರೋಪಿನ ಪದ್ಧತಿಯ ಗಾಡಿಗಳಿಗೆ ಡಿಐಎನ್ 44, ಡಿಐಎನ್ 50 ಅಂತ ಬೇರೆ ಅಳತೆ ಇರ್ತದೆ. ನಿಮ್ಮ ಹಳೆಯ ಬ್ಯಾಟರಿಯ ಚೀಟಿಯನ್ನೂ, ಕಾರಿನ ಪುಸ್ತಕದ ಆ ಪುಟವನ್ನೂ ಇವತ್ತೇ ಫೋಟೋ ಹೊಡೆದಿಟ್ಟುಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗೀತದೆ.

ಇನ್ನು ನೋಡಬೇಕಾದ್ದು ನಾಲ್ಕು.

ಒಂದು, ಆಂಪಿಯರ್-ಅವರ್. ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದನ್ನು ಹಾಕಿಸಬೇಡಿ. ಸ್ವಲ್ಪ ಹೆಚ್ಚಿದ್ದರೆ ತೊಂದರೆ ಇಲ್ಲ, ಆದರೆ ಅದು ತಟ್ಟೆಯಲ್ಲಿ ಅಲ್ಲಾಡದೆ ಕೂರಬೇಕು, ಮೇಲಿನ ಪಟ್ಟಿ ಬಿಗಿಯಾಗಬೇಕು. ನಮ್ಮ ರಸ್ತೆಗಳಲ್ಲಿ ಕುಲುಕಿಯೇ ಎಷ್ಟೋ ಬ್ಯಾಟರಿ ಸಾಯ್ತವೆ.

ಎರಡು, ಸಿಸಿಎ. ಮೈನಸ್ 18 ಡಿಗ್ರಿಯ ಚಳಿಯಲ್ಲಿ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವ ಅಳತೆ. ಅಂಕಲಿಗೂ ಮೈನಸ್ 18ಕ್ಕೂ ಏನು ಸಂಬಂಧ ಅಂತ ನಗಬೇಡಿ. ಒಂದೇ ಗಾತ್ರದ ಎರಡು ಬ್ಯಾಟರಿಗಳಲ್ಲಿ ಯಾವುದರ ರಟ್ಟೆ ಗಟ್ಟಿ ಅಂತ ಹೋಲಿಸೋಕೆ ಇದು ಉಪಯೋಗ.

ಮೂರು, ಜಾತಿ. ಸಿಗ್ನಲ್ಲಿನಲ್ಲಿ ತಾನೇ ಆರಿ ತಾನೇ ಚಾಲೂ ಆಗುವ ಕಾರು ನಿಮ್ಮದಾದರೆ ಅದಕ್ಕೆ ಇಎಫ್‌ಬಿ ಅಥವಾ ಎಜಿಎಂ ಅನ್ನುವ ಬಗೆಯ ಬ್ಯಾಟರಿ ಬೇಕು. ದಿನಕ್ಕೆ ಹತ್ತಾರು ಸಲ ಸೆಲ್ಫ್ ಹೊಡೆದು, ಆರಿದ ಹೊತ್ತಿನಲ್ಲೂ ದೀಪ ಫ್ಯಾನು ನಡೆಸಿಕೊಂಡು ಬಾಳೋಕೆ ಮಾಡಿದ್ದು ಅವು. ಸಾವಿರ ಎರಡು ಸಾವಿರ ಉಳೀತದೆ ಅಂತ ಸಾದಾ ಬ್ಯಾಟರಿ ಕೂಡಿಸಿದರೆ ಬೇಗ ಮುಗೀತದೆ.

ನಾಲ್ಕು, ಹುಟ್ಟಿದ ತಾರೀಕು. ಬ್ಯಾಟರಿ ಅಂಗಡಿಯ ಕಪಾಟಿನಲ್ಲಿ ಕೂತೇ ಮುದಿಯಾಗ್ತದೆ. ತಯಾರಾದ ತಿಂಗಳು ವರ್ಷ ಮೈಮೇಲೆ ಇರ್ತದೆ, ಕೆಲವೊಮ್ಮೆ ಸಂಕೇತದಲ್ಲಿ. ಕೇಳಿ, ಹೇಳ್ತಾರೆ. ಎರಡು ಮೂರು ತಿಂಗಳೊಳಗಿನದು ಸಿಕ್ಕರೆ ಚಲೋ. ಅಲ್ಲೇ ಮೀಟರ್ ಹಿಡಿಸಿ. 12.4ಕ್ಕಿಂತ ಕಡಿಮೆ ಇದ್ದರೆ ಬೇರೆಯದು ಕೊಡಿ ಅನ್ನಿ.

ವಾರಂಟಿಯ ಮಾತನ್ನೂ ಬಿಡಿಸಿ ಕೇಳಬೇಕು. '48 ತಿಂಗಳು' ಅಂದರೆ ಬಹಳ ಸಲ 24 ಕೂಡಿಸು 24. ಮೊದಲ ಅರ್ಧದಲ್ಲಿ ಕೆಟ್ಟರೆ ಪುಕ್ಕಟೆ ಬದಲಿ, ಉಳಿದರ್ಧದಲ್ಲಿ ಬರೀ ರಿಯಾಯಿತಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್, ಗಾಡಿ ನಂಬರ್ ಎರಡನ್ನೂ ಬರೆಸಿ. ಅದನ್ನೂ ಫೋಟೋ ಹೊಡೀರಿ.

ಆಯ್ಕೆ ಒಂದು ದಿನದ್ದು, ಆರೈಕೆ ನಾಲ್ಕು ವರ್ಷದ್ದು. ಆದರೆ ಅದೇನು ದೊಡ್ಡ ವ್ರತವಲ್ಲ. ಟರ್ಮಿನಲ್ ಮೇಲೆ ಬಿಳಿ ಹಸಿರು ಬೂಷ್ಟು ಕಂಡರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ತುಸು ವ್ಯಾಸಲಿನ್ ಸವರಿ. ಕೇಬಲ್ ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಇಷ್ಟು ಪಾಲಿಸಿದರೆ ಪಾನಾ ಜಾರಿ ಬಾಡಿಗೆ ತಗುಲಿದರೂ ಕಿಡಿ ಹಾರಲ್ಲ. ಬಿಚ್ಚುವ ಬುಚ್ಚು ಇರುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ನೀರು ಮಾತ್ರ ಹಾಕಿ. ಬೋರಿನ ನೀರು ಬೇಡ, ಆ್ಯಸಿಡ್ ಅಂತೂ ಬೇಡವೇ ಬೇಡ. ಆವಿಯಾಗಿ ಹೋಗೋದು ನೀರು, ಆಮ್ಲ ಒಳಗೇ ಉಳಿದಿರ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಗಾಡಿ ನೆರಳಿಗಿರಲಿ. ಚಳಿಗಾಲದ ಬೆಳಗ್ಗೆ ಬ್ಯಾಟರಿ ಕೈಕೊಡ್ತದೆ ಅಂತ ಬೈತೀವಿ, ಅದರ ಆಯುಷ್ಯ ತಿಂದಿದ್ದು ಮಾತ್ರ ಹಿಂದಿನ ಬೇಸಿಗೆ.

ವಾರಕ್ಕೊಮ್ಮೆ ಅರ್ಧ ಮುಕ್ಕಾಲು ತಾಸು ಗಾಡಿ ಓಡಲಿ. ಮನೆ ಮುಂದೆ ಐದು ನಿಮಿಷ ಚಾಲೂ ಮಾಡಿ ಆರಿಸಿದರೆ ಪೆಟ್ರೋಲ್ ಹೋಯಿತೇ ಹೊರತು ಬ್ಯಾಟರಿ ತುಂಬಲಿಲ್ಲ. ತಿಂಗಳುಗಟ್ಟಲೆ ಗಾಡಿ ನಿಲ್ಲೋದಾದರೆ ಮೈನಸ್ ಕೇಬಲ್ ಬಿಚ್ಚಿಡಿ, ಇಲ್ಲವೇ ತುಂಬಿದ ಮೇಲೆ ತಾನೇ ತಗ್ಗುವ ಸ್ಮಾರ್ಟ್ ಚಾರ್ಜರ್ ಹಚ್ಚಿಡಿ. ತೀರ ಇಳಿದ ಬ್ಯಾಟರಿ ಪೂರ್ತಿ ತುಂಬೋಕೆ ಓಡಿಸೋದು ಸಾಲಲ್ಲ, ಅದಕ್ಕೆ ರಾತ್ರಿಯಿಡೀ ಚಾರ್ಜರೇ ಬೇಕು.

ಹಳೇ ಬ್ಯಾಟರಿಯ ಮಾತೂ ಇದೆ. ಹೊಸದು ಕೊಳ್ಳುವಾಗ ಅಂಗಡಿಯವರು ಹಳೆಯದನ್ನು ತಗೊಂಡು ಬೆಲೆ ಕಡಿಮೆ ಮಾಡ್ತಾರೆ. ಓಣಿಯಲ್ಲಿ ಕೂಗುತ್ತ ಬರುವ ಭಂಗಾರದವನು ಇನ್ನೂರು ರೂಪಾಯಿ ಹೆಚ್ಚೇ ಕೊಡಬಹುದು. ಅಪ್ಪನಿಗೆ ಅದೇ ಆಸೆ ಇತ್ತು. ನಾನು ಬೇಡ ಅಂದೆ. ಒಳಗಿರೋದು ಕಿಲೋಗಟ್ಟಲೆ ಸೀಸ. ಅದನ್ನು ಯಾವುದೋ ಹಿತ್ತಲಲ್ಲಿ ಒಡೆದು, ಆಮ್ಲವನ್ನು ಮಣ್ಣಿಗೆ ಸುರಿದು, ಬೆಂಕಿಯಲ್ಲಿ ಕರಗಿಸಿದರೆ ಹೊಗೆ ಹೋಗೋದು ಅಲ್ಲಿ ಆಡುವ ಮಕ್ಕಳ ಮೈಗೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಕೊಟ್ಟ ವರದಿಯಂತೆ ಜಗತ್ತಿನ ಮೂರು ಮಕ್ಕಳಲ್ಲಿ ಒಂದು ಮಗುವಿನ ರಕ್ತದಲ್ಲಿ ಸೀಸ ಇರಬಾರದಷ್ಟಿದೆ, ಬ್ಯಾಟರಿಗಳನ್ನು ಹೀಗೆ ಮನಬಂದಂತೆ ಒಡೆದು ಕರಗಿಸೋದು ಅದರ ದೊಡ್ಡ ಕಾರಣಗಳಲ್ಲೊಂದು. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಸರಿಯಾಗಿ ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿದವರದ್ದೇ. ನಮ್ಮ ಪಾಲಿನ ಕೆಲಸ ಅಂದರೆ ಅದನ್ನು ಬಿಲ್ ಕೊಡುವ ಅಂಗಡಿಗೇ ಒಪ್ಪಿಸೋದು.

ಬೆಂಗಳೂರಿಗೆ ಹೊರಡುವ ಮೊದಲು ಅಪ್ಪನಿಗೆ ಒಂದು ಮೀಟರ್ ಕೊಡಿಸಿದೆ. ಕೆಲವು ನೂರು ರೂಪಾಯಿಯದು. ಅವ್ವನ ಪಂಪ್ ಇಡುವ ಗೂಡಿನಲ್ಲೇ ಈಗ ಅದರ ಜಾಗ. ಮಿಸ್ತ್ರಿ ಮಾಮಾ ಒಂದು ಜೊತೆ ದಪ್ಪ ಜಂಪರ್ ಕೇಬಲ್ ತರಿಸಿ ಡಿಕ್ಕಿಯಲ್ಲಿ ಹಾಕಿದರು. ದುಡ್ಡು ಕೊಡಲು ಹೋದರೆ, "ನಿಮ್ಮವ್ವ ದೀಪಾವಳಿಗಿ ಕರಚಿಕಾಯಿ ಕೊಡ್ತಾಳಲ್ಲ, ಸಾಕ ಹೋಗ" ಅಂದರು.

ಅಪ್ಪ ಪ್ರತಿ ಭಾನುವಾರ ಬೆಳಗ್ಗೆ ಹಲ್ಲುಜ್ಜಿ, ಬಾನೆಟ್ ಎತ್ತಿ, ಕಡ್ಡಿ ಮುಟ್ಟಿಸಿ, ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಅಮಾವಾಸ್ಯೆಗಳ ಪಕ್ಕ ಪೆನ್ಸಿಲ್ಲಿನಲ್ಲಿ ಬರೀತಾರೆ. ಆಮೇಲೆ ನನಗೆ ಫೋನು. ಮೊದಲೆಲ್ಲ "ಊಟ ಆತೇನವಾ?" ಆದ ಮೇಲೆ ಇಬ್ಬರಿಗೂ ಮಾತು ಹುಡುಕಬೇಕಾಗ್ತಿತ್ತು. ಈಗ "ಹನ್ನೆರಡು ಪಾಯಿಂಟ್ ಆರು" ಅಂತ ಶುರು ಮಾಡ್ತಾರೆ. ಅಲ್ಲಿಂದ ಕಬ್ಬಿನ ಬಿಲ್ಲು, ಹೊಳೆಯ ನೀರು, ಯಾರ ಮನೆಯ ಮದುವೆ ಎಲ್ಲಾ ಬರ್ತವೆ.

ಕಳೆದ ತಿಂಗಳು ಒಂದು ಭಾನುವಾರ 12.4 ಬಂತು. "ಬ್ಯಾಟರಿ ಸಲುವಾಗಿ ಗಾಡಿ ಅಡ್ಡಾಡಿಸಿ ಬರ್ತೇನಿ" ಅಂತ ಹೊರಟವರು ಅವ್ವನನ್ನೂ ಕೂರಿಸಿಕೊಂಡು ಯಡೂರ ವೀರಭದ್ರನ ಗುಡಿಗೆ ಹೋಗಿದ್ದಾರೆ. ಬರುವಾಗ ಹೊಳೆಯ ದಂಡೆಯಲ್ಲಿ ನಿಂತು ಗಿರಮಿಟ್ಟು ತಿಂದಿದ್ದಾರೆ. ದವಾಖಾನೆಗಲ್ಲದೆ ಅವರಿಬ್ಬರೇ ಕಾರಿನಲ್ಲಿ ಹೋಗಿದ್ದು ಎಷ್ಟು ವರ್ಷದ ಮೇಲೋ ನನಗೂ ನೆನಪಿಲ್ಲ. ಸಂಜೆ ಅವ್ವನೇ ಫೋನ್ ಮಾಡಿದಳು. ಉಸಿರು ಸಲೀಸಾಗಿತ್ತು, ದನಿಯಲ್ಲಿ ನಗು ಇತ್ತು.

"ಬರೂ ವಾರನೂ ಮೀಟರ್ ಕಡಿಮಿ ತೋರಿಸ್ಲಿ ನೋಡ" ಅಂದಳು. "ನಿಪ್ಪಾಣಿಗಿ ಹೋಗಿ ಸೀರಿ ನೋಡೂದೈತಿ."